ಚಿತ್ರ ಒಂದು ಕಡೆ, ನಿಜ ಇನ್ನೊಂದು ಕಡೆ!

ನಾನು ಸಿಂಗಪುರ ನೋಡಿದ್ದೇನೆ. ಸ್ವಿಟ್ಜರ್ಲೆಂಡಿನ ಹಿಮ ನೋಡಿದ್ದೇನೆ. ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿಯೊಳಗೆ ನುಸುಳಿ ತಲೆ ಚಚ್ಚಿಸಿಕೊಂಡಿದ್ದೇನೆ. ಜೋಗದಲ್ಲಂತೂ... ಇರಲಿ, ಜೋಗದ ವಿಷಯ ಆಮೇಲೆ. ಅದರಲ್ಲಿ ನನ್ನ ಮಾನ ಹೋದ ಕಥೆ ಇದೆ!

'ಏನಪ್ಪಾ ಇದು, ಸಿನಿಮಾ ಪತ್ರಿಕೆಗೆ ಬಿಡಿ ಲೇಖನ ಬರೆಯೋನಿಗೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು?' ಅಂತ ಹುಬ್ಬು ಏರಿಸಬೇಡಿ. ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ವಿಮಾನ ನೋಡಿರುವುದು ಆಕಾಶದಲ್ಲಿ ಮಾತ್ರ. ನನ್ನ ಪ್ರಯಾಣವೆಲ್ಲ ನಮ್ಮ ಮನೆಯ ನಡುಮನೆಯಲ್ಲಿ, ಕಾಲು ಅಲ್ಲಾಡುವ ಒಂದು ಕುರ್ಚಿಯ ಮೇಲೆ ಕೂತು ನಡೆದದ್ದು. ಟಿಕೆಟ್ಟು? ಗೆಳೆಯರು ಹಾಕಿದ ಕಾರ್ಡುಗಳು!

ಹಳೇ ಮನೆಗಳಲ್ಲಿ ಕಾಗದ ಪತ್ರಗಳನ್ನು ಚುಚ್ಚಿಡಲು ಒಂದು ಉದ್ದನೆಯ ಕೊಕ್ಕೆ ತಂತಿ ಇರುತ್ತಿತ್ತು, ನೆನಪಿದೆಯಾ? ಕೆಳಗೆ ಒಂದು ಮರದ ಬಿಲ್ಲೆ, ಮೇಲೆ ಬಾಗಿದ ತಂತಿ. ಕಂದಾಯದ ರಸೀತಿ, ಲಗ್ನಪತ್ರಿಕೆ, ಸಾವಿನ ಕಾಗದ ಎಲ್ಲಾ ಅದಕ್ಕೇ. ನಮ್ಮ ಮನೆಯ ತಂತಿ ಅಪ್ಪನ ಕಾಲದ್ದು. ಈಗ ಅದರಲ್ಲಿ ಇರುವುದೆಲ್ಲ ಮೂವರು ಗೆಳೆಯರ ಕಾರ್ಡುಗಳು. ಸಿಂಗಪುರದ ಸಿಂಹಕ್ಕೂ ತೂತು, ಸ್ವಿಟ್ಜರ್ಲೆಂಡಿನ ಬೆಟ್ಟಕ್ಕೂ ತೂತು. ಅಮ್ಮ ಯಾವುದಕ್ಕೂ ಪಕ್ಷಪಾತ ಮಾಡಿಲ್ಲ!

ಲೈಟು, ಹಡಗು, ಸೌಟು

ನಾವು ನಾಲ್ವರು ಪಿಯುಸಿಯಲ್ಲಿ ಒಂದೇ ಬೆಂಚು. ನಾನು ಎರಡನೇ ವರ್ಷದ ಅರ್ಧಕ್ಕೇ ಕಾಲೇಜಿಗೆ ಕೈ ಮುಗಿದೆ. ಉಳಿದ ಮೂವರು ಪರೀಕ್ಷೆ ಬರೆದರು, ಆದರೆ ಪರೀಕ್ಷೆ ಅವರನ್ನು ಬರೆಸಿಕೊಳ್ಳಲಿಲ್ಲ. ಒಬ್ಬ ಸಿನಿಮಾ ಯೂನಿಟ್ಟಿನಲ್ಲಿ ಲೈಟ್‌ಬಾಯ್ ಆದ. ಒಬ್ಬ ಸರಕು ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಸೇರಿ ಸಮುದ್ರ ಪಾಲಾದ (ಒಳ್ಳೆಯ ಅರ್ಥದಲ್ಲಿ!). ಮತ್ತೊಬ್ಬ ಮದುವೆ ಮನೆಗಳ ಅಡುಗೆಗೆ ಹೋಗುತ್ತಾ ಹೋಗುತ್ತಾ, ಪ್ರವಾಸಿಗಳನ್ನು ಯುರೋಪಿಗೆ ಕರೆದೊಯ್ಯುವ ಒಂದು ತಂಡದ ಅಡುಗೆಯವನಾದ. ಹೆಸರು ಹಾಕಿದರೆ ಮೂವರೂ ನನ್ನ ಮೇಲೆ ಏರಿ ಬರುತ್ತಾರೆ. ಆದ್ದರಿಂದ ಲೈಟು, ಹಡಗು, ಸೌಟು ಅಂತ ಕರೆಯುತ್ತೇನೆ.

ಮೊದಲು ಊರು ಬಿಟ್ಟವನು ಲೈಟು. ಬಸ್‌ಸ್ಟ್ಯಾಂಡಿಗೆ ಅಮ್ಮನೂ ಬಂದಿದ್ದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಹೋಗಿ, 'ಹೋದ ಕಡೆಯಿಂದ ಎರಡಕ್ಷರ ಹಾಕಪ್ಪಾ. ಊಟ ಸಿಕ್ತಾ, ಮಲಗೋಕೆ ಜಾಗ ಸಿಕ್ತಾ, ಅಷ್ಟು ಬರೆದರೆ ಸಾಕು' ಅಂದಳು. ಅವನು 'ಆಗಲಮ್ಮಾ' ಅಂದ. ಅಮ್ಮನಿಗೆ ಕೊಟ್ಟ ಆ ಮಾತೇ ಮುಂದೆ ಹಡಗಿಗೂ ಸೌಟಿಗೂ ಅಂಟಿಕೊಂಡಿತು.

'ಈ ಕಾಲದಲ್ಲಿ ಕಾರ್ಡಾ? ಫೋನ್ ಇಲ್ವೇನ್ರೀ?' ಅಂತ ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಇದೆ ಸ್ವಾಮಿ, ಎಲ್ಲರ ಹತ್ತಿರವೂ ಇದೆ. ಆದರೆ ಷೂಟಿಂಗ್ ಜಾಗದಲ್ಲಿ ಕೆಲವು ಯೂನಿಟ್‌ಗಳು ಫೋನು ಕಿತ್ತು ಚೀಲಕ್ಕೆ ಹಾಕಿಸುತ್ತವೆ. ಹೀರೋ ಗೆಟಪ್ಪು ಹೊರಗೆ ಹೋಗಬಾರದಲ್ಲ! ನಡು ಸಮುದ್ರದಲ್ಲಿ ಸಿಗ್ನಲ್ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅಮ್ಮನ ಕಾನೂನು ಬೇರೆ. ಫೋನಿನಲ್ಲಿ ಬಂದ ಫೋಟೋ ಅವಳ ಲೆಕ್ಕಕ್ಕಿಲ್ಲ. 'ಅದು ಬೆರಳು ಮುಟ್ಟಿದರೆ ಓಡಿ ಹೋಗುತ್ತೆ, ತಂತಿಗೆ ಹೇಗೋ ಚುಚ್ಚಲಿ?' ಅನ್ನುತ್ತಾಳೆ.

ಹೀಗೆ ವರ್ಷಕ್ಕೆ ಐದೋ ಆರೋ ಕಾರ್ಡು. ನಾನು ಮಾತ್ರ ಊರಲ್ಲೇ. ಅವರು ಹೋಗುತ್ತಾರೆ, ನಾನು ನೋಡುತ್ತೇನೆ!

ಸಿಂಹದ ಬಾಯಲ್ಲಿ ನೀರು

ಮೊದಲು ಸಿಂಗಪುರಕ್ಕೆ ಹೋಗೋಣ. ಕನ್ನಡ ಸಿನಿಮಾದವರಿಗೆ ಸಿಂಗಪುರ ಅಂದರೆ 1978ರ 'ಸಿಂಗಪೂರಿನಲ್ಲಿ ರಾಜಾ ಕುಳ್ಳ'. ವಿಷ್ಣುವರ್ಧನ್-ದ್ವಾರಕೀಶ್ ಜೋಡಿ, ಸಿ.ವಿ. ರಾಜೇಂದ್ರನ್ ನಿರ್ದೇಶನ. ಕನ್ನಡ ಕ್ಯಾಮೆರಾ ಕಡಲು ದಾಟಿದ ಕಥೆ ಬಂದಾಗಲೆಲ್ಲ ಈ ಚಿತ್ರದ ಹೆಸರು ಬಂದೇ ಬರುತ್ತದೆ. ಅಪ್ಪ ಅದನ್ನು ಎಷ್ಟು ಸಲ ನೋಡಿದ್ದರೋ, ನಮ್ಮ ಮನೆಯಲ್ಲಿ 'ಸಿಂಗಪುರ' ಎಂಬ ಪದ ಕೇಳಿದರೆ ಆ ಕಥೆ ಹೇಳದೆ ಬಿಡುತ್ತಿರಲಿಲ್ಲ.

ಹಡಗು ಹಾಕಿದ ಕಾರ್ಡಿನ ಮೇಲೆ ಒಂದು ಬಿಳಿ ವಿಗ್ರಹ. ತಲೆ ಸಿಂಹದ್ದು, ಮೈ ಮೀನಿನದು, ಬಾಯಿಂದ ನೀರು ಧಾರಾಕಾರ. ಮೆರ್‌ಲಯನ್ ಅಂತಾರೆ. 8.6 ಮೀಟರ್ ಎತ್ತರ. 1972ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಅವರೇ ಉದ್ಘಾಟಿಸಿದ್ದು. ತಮಾಷೆ ಏನೆಂದರೆ, ನಮ್ಮ ರಾಜಾ-ಕುಳ್ಳ ಹೋದಾಗ ಈ ಸಿಂಹ ಈಗಿನ ಜಾಗದಲ್ಲಿ ಇರಲೇ ಇಲ್ಲ! ಆಮೇಲೆ 1997ರಲ್ಲಿ ಎಸ್‌ಪ್ಲನೇಡ್ ಸೇತುವೆ ಮುಗಿದು ಸಮುದ್ರದ ಕಡೆಯ ನೋಟಕ್ಕೆ ಅಡ್ಡ ಬಂತು. 2002ರಲ್ಲಿ ಇಡೀ ಸಿಂಹವನ್ನೇ ಎತ್ತಿ ಸುಮಾರು 120 ಮೀಟರ್ ದೂರ ಕೊಂಡೊಯ್ದು ಕೂರಿಸಿದರು. ಕಾರ್ಡಿನಲ್ಲಿ ನೋಡಿದರೆ ಸೃಷ್ಟಿಯಾದಾಗಿನಿಂದ ಅಲ್ಲೇ ಕೂತಿರುವ ಹಾಗೆ ಗಂಭೀರವಾಗಿದೆ.

ನಾನು ಆ ಸಿಂಹವನ್ನೇ ನೋಡುತ್ತಾ ಕೂತಿದ್ದೆ. ಅಮ್ಮ ಕೈಯಿಂದ ಕಿತ್ತುಕೊಂಡು ಕಾರ್ಡು ತಿರುಗಿಸಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

'ಅಮ್ಮಾ, ಇಳಿಯೋಕೆ ನಾಲ್ಕು ಗಂಟೆ ಬಿಟ್ಟರು. ಈ ಸಿಂಹ ನಾನು ನೋಡಲಿಲ್ಲ, ಕಾರ್ಡಿನಲ್ಲೇ ನೋಡಿದ್ದು. ಸೆರಂಗೂನ್ ರಸ್ತೆಗೆ ಹೋಗಿ ಇಡ್ಲಿ ತಿಂದೆ. 23 ದಿನ ಆದಮೇಲೆ ನೆಲದ ಮೇಲೆ ನಡೆದರೆ ನೆಲವೇ ಅಲ್ಲಾಡಿದ ಹಾಗೆ ಆಗುತ್ತೆ. ಹೋಟೆಲಿನವನು ಕುಡಿದಿದ್ದೀಯಾ ಅಂತ ಕೇಳಿದ. ಇಲ್ಲ.'

ಅಮ್ಮ ಆ ಕಡೆಯ 'ಇಲ್ಲ'ವನ್ನು ಎರಡು ಸಲ ಓದಿದಳು. 'ಇಡ್ಲಿ ಸಿಕ್ಕಿತಲ್ಲ ಪಾಪ' ಅಂತ ತಂತಿಗೆ ಚುಚ್ಚಿದಳು.

ಈಗ ಹೇಳಿ, ನಾನು ನೋಡಿದ ಸಿಂಗಪುರ ಯಾವುದು, ಅಮ್ಮ ನೋಡಿದ್ದು ಯಾವುದು?

ಹಿಮದ ಮೇಲೆ ಉಪ್ಪಿಟ್ಟು

ಸೌಟಿನ ಕಾರ್ಡು ಇನ್ನೂ ಮಜಾ. ಯುಂಗ್‌ಫ್ರಾಯೋಖ್ ಅಂತ ಒಂದು ಜಾಗ. ಹೆಸರು ಹೇಳುವಾಗ ಹಲ್ಲು ಉದುರಿದರೆ ನಾನು ಜವಾಬ್ದಾರನಲ್ಲ! ಸಮುದ್ರಮಟ್ಟದಿಂದ 3,454 ಮೀಟರ್ ಎತ್ತರದಲ್ಲಿ ರೈಲ್ವೆ ಸ್ಟೇಷನ್. ಬೆಟ್ಟದ ಹೊಟ್ಟೆ ಕೊರೆದು 1912ರಲ್ಲೇ ರೈಲು ಬಿಟ್ಟಿದ್ದಾರೆ. ಅಲ್ಲಿ ಅಂಚೆಪೆಟ್ಟಿಗೆಯೂ ಇದೆ. ಹಿಮದ ನಡುವೆ ನಿಂತು ಊರಿಗೆ ಕಾರ್ಡು ಹಾಕಬಹುದು.

ಹಿಮದ ಮೇಲೆ ತೆಳು ಸೀರೆ ಉಟ್ಟು ಕುಣಿಯುವ ನಾಯಕಿಯರನ್ನು ನಾವು ಎಷ್ಟು ನೋಡಿಲ್ಲ! ಸ್ವಿಟ್ಜರ್ಲೆಂಡನ್ನು ಹಿಂದಿ ಸಿನಿಮಾದ ಹಿತ್ತಲು ಮಾಡಿಕೊಂಡವರು ಯಶ್ ಚೋಪ್ರಾ. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಬಂದಮೇಲಂತೂ ನಮ್ಮ ಪ್ರವಾಸಿಗಳು ದಂಡುಕಟ್ಟಿ ಹೊರಟರು. ಕೃತಜ್ಞತೆಗೆ ಇಂಟರ್‌ಲಾಕೆನ್ ಊರಿನವರು 2016ರಲ್ಲಿ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದರು.

ಕಾರ್ಡಿನ ಚಿತ್ರ: ನೀಲಿ ಆಕಾಶ, ಬೆಳ್ಳಿ ಬೆಟ್ಟ. ಹಿಂದೆ ಸೌಟಿನ ಅಕ್ಷರ: 'ಅಮ್ಮಾ, ಬಂದು ಐದು ದಿನ. ಇವತ್ತು ಮೊದಲ ಸಲ ಮೇಲೆ ಕರೆದುಕೊಂಡು ಹೋದರು. 46 ಜನಕ್ಕೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಉಪ್ಪಿಟ್ಟು ಮಾಡಿ, ಡಬ್ಬಿಗೆ ತುಂಬಿ ತಂದಿದ್ದೆ. ಮೇಲೆ ಮೋಡ. ಬೆಟ್ಟ ಕಾಣಲಿಲ್ಲ. ಒಬ್ಬ ಅಜ್ಜಿ ಹಿಮ ಕೈಯಲ್ಲಿ ಹಿಡಿದು ಅತ್ತರು. ಯಾಕೆ ಅಂತ ಕೇಳಿದೆ. ಯಜಮಾನರು ನೋಡಬೇಕು ಅಂತಿದ್ದರಂತೆ, ಹೋದ ವರ್ಷ ತೀರಿಕೊಂಡರಂತೆ. ಅವರಿಗೆ ಇನ್ನೊಂದು ಡಬ್ಬಿ ಉಪ್ಪಿಟ್ಟು ಕೊಟ್ಟೆ.'

ಆ ಬೆಟ್ಟದ ಚಿತ್ರ ಸಾವಿರಾರು ಅಚ್ಚಾಗಿರುತ್ತದೆ. ಆ ಅಜ್ಜಿಯ ಸಂಗತಿ ಲೋಕದಲ್ಲಿ ಒಂದೇ ಒಂದು ಕಾರ್ಡಿನ ಹಿಂದೆ ಇದೆ. ನಮ್ಮ ಮನೆಯ ತಂತಿಯಲ್ಲಿ.

ಬೆನ್ನು ಹುಟ್ಟಿದ ಕಥೆ

ಈ ಕಾರ್ಡು ಎಂಬ ಪ್ರಾಣಿಗೆ ಮೊದಲು ಚಿತ್ರವೇ ಇರಲಿಲ್ಲ. ಲೋಕದ ಮೊದಲ ಸರ್ಕಾರಿ ಅಂಚೆ ಕಾರ್ಡು ಹೊರಟದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೇರಿಯಲ್ಲಿ. ನಮ್ಮ ದೇಶಕ್ಕೆ ಬಂದದ್ದು 1879ರ ಜುಲೈ 1ರಂದು. ಬೆಲೆ ಕಾಲಾಣೆ. ಲಕೋಟೆ ಕೊಳ್ಳಲಾರದ ಬಡವನೂ ಕಾಲಾಣೆಗೆ ಮಗಳ ಯೋಗಕ್ಷೇಮ ಕೇಳುವಂತಾಯಿತು. ಇವತ್ತಿಗೂ ಸಾದಾ ಕಾರ್ಡಿಗೆ 50 ಪೈಸೆ. ಅಂಚೆ ಕಚೇರಿಯಲ್ಲಿ ಚಿಲ್ಲರೆ ಇರುವುದಿಲ್ಲ, ಒಂದು ರೂಪಾಯಿಗೆ ಎರಡು ತಗೊಳ್ಳಬೇಕು, ಅಷ್ಟೆ!

ಚಿತ್ರದ ಕಾರ್ಡು ಬಂದ ಮೇಲೆ ಒಂದು ಪೇಚಾಟ ಶುರುವಾಯಿತು. ಆಗಿನ ನಿಯಮದ ಪ್ರಕಾರ ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹೇಳಬೇಕಾದ ಮಾತನ್ನು ಚಿತ್ರದ ಪಕ್ಕದಲ್ಲೋ ಮೇಲೋ ತುರುಕಬೇಕು. ದೇವಸ್ಥಾನದ ಗೋಪುರದ ಮೇಲೆ 'ಅಜ್ಜಿಗೆ ಜ್ವರ' ಅಂತ ಬರೆದರೆ ಹೇಗಿರುತ್ತೆ ಯೋಚಿಸಿ! 1902ರಲ್ಲಿ ಬ್ರಿಟನ್ ಒಂದು ದಾರಿ ಮಾಡಿತು. ವಿಳಾಸದ ಬದಿಗೆ ನಡುವೆ ಒಂದು ಗೆರೆ ಎಳೆದು, ಬಲಕ್ಕೆ ವಿಳಾಸ, ಎಡಕ್ಕೆ ಮಾತು. ಉಳಿದ ದೇಶಗಳೂ ಒಂದೊಂದಾಗಿ ಹಾಗೇ ಮಾಡಿದವು. ಅವತ್ತಿನಿಂದ ಚಿತ್ರ ಒಂದು ಕಡೆ, ಗೆಳೆಯನ ಮಾತು ಇನ್ನೊಂದು ಕಡೆ.

ಸಿನಿಮಾಕ್ಕೂ ಈ ಕಾರ್ಡಿಗೂ ಹಳೇ ನಂಟಿದೆ. ರಾಜಾ ರವಿವರ್ಮ 1894ರಲ್ಲಿ ಹಾಕಿದ ಮುದ್ರಣಾಲಯದ ಲಕ್ಷ್ಮಿ ಸರಸ್ವತಿಯರು ಮನೆ ಮನೆ ಗೋಡೆ ಸೇರಿದರು. ಅವನ ಚಿತ್ರಗಳು ಕಾರ್ಡುಗಳಾಗಿಯೂ ಅಚ್ಚಾದವು. ಅದೇ ಮುದ್ರಣಾಲಯದಲ್ಲಿ ಕೆಲಸ ಮಾಡಿದ ಒಬ್ಬ ಮನುಷ್ಯ ಮುಂದೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದ. ಹೌದು, ದಾದಾಸಾಹೇಬ್ ಫಾಲ್ಕೆ!

ಎರಡರದ್ದೂ ಒಂದೇ ಬುದ್ಧಿ ನೋಡಿ. ಇದ್ದದ್ದನ್ನು ಇದ್ದುದಕ್ಕಿಂತ ಚೆನ್ನಾಗಿ ತೋರಿಸುವುದು. 1975ರ 'ಶೋಲೆ'ಯ ರಾಮಗಢ ನಮ್ಮ ರಾಮನಗರದ ಬಂಡೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್'ಗೆ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಮಾಲ್ಗುಡಿಯ ರೈಲು ನಿಂತದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ. 2020ರಲ್ಲಿ ಅಲ್ಲಿಯ ಹಳೇ ಕಟ್ಟಡ ಮಾಲ್ಗುಡಿ ಹೆಸರಿನ ವಸ್ತು ಸಂಗ್ರಹಾಲಯವೇ ಆಯಿತು! ಇಲ್ಲದ ಊರಿಗೆ ಇರುವ ಸ್ಟೇಷನ್ನು. ಇದು ಸುಂದರವಾದ ಸುಳ್ಳು, ಯಾರಿಗೂ ನೋವಿಲ್ಲ. ಆದರೆ ಎಲ್ಲ ಸುಳ್ಳೂ ಹಾಗಿರುವುದಿಲ್ಲ. ಅದು ಗೊತ್ತಾದದ್ದು ನನಗೆ ಜೋಗದಲ್ಲಿ.

ನಾನು ಹೋಗದ ಜೋಗ

ಲೈಟಿನ ಕಾರ್ಡು ಅಂದರೆ ನನಗೆ ಪ್ರಾಣ. ಯಾಕೆಂದರೆ ಅವನು ಬರೆಯುವುದು ಸಿನಿಮಾದ ಹಿಂಬದಿಯಿಂದ. ಚಿತ್ರದುರ್ಗದಿಂದ ಬರೆದಿದ್ದ: 'ಅಮ್ಮಾ, ಓಬವ್ವನ ಕಿಂಡಿ ನೋಡಿದೆ. ನಾಗರಹಾವು ಸಿನಿಮಾದಲ್ಲಿ ನೋಡಿ ಬಾಗಿಲಷ್ಟು ದೊಡ್ಡದು ಅಂದುಕೊಂಡಿದ್ದೆ. ಬಗ್ಗಿ ನುಸುಳಬೇಕು. ತಲೆ ಎತ್ತಿದೆ, ಬಂಡೆ ಬಡೀತು. ಒನಕೆ ಏಟು ಹೇಗಿತ್ತು ಅಂತ ಗೊತ್ತಾಯ್ತು.' 1972ರ ಆ ಪುಟ್ಟಣ್ಣನವರ ಚಿತ್ರದಲ್ಲಿ ಓಬವ್ವನಾಗಿ ಜಯಂತಿ ಒನಕೆ ಎತ್ತಿದ್ದನ್ನು ನೀವೂ ನಾನೂ ಎಷ್ಟೋ ಸಲ ನೋಡಿದ್ದೇವೆ. ಆದರೆ ಕಿಂಡಿಯ ಎತ್ತರ ನನಗೆ ತಿಳಿದದ್ದು ಗೆಳೆಯನ ತಲೆಯ ಬೋರೆಯಿಂದ!

ಒಂದು ಮಾರ್ಚ್ ತಿಂಗಳಲ್ಲಿ ಅವನ ಯೂನಿಟ್ಟು ಜೋಗಕ್ಕೆ ಹೋಯಿತು. ಹೀರೋ ಯಾರು, ಚಿತ್ರ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ! ಕಾರ್ಡು ಬಂತು. ಮುಂದೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಧುಮುಕುವ ಚಿತ್ರ. 253 ಮೀಟರ್ ಆಳಕ್ಕೆ ಬೀಳುವ ಹಾಲಿನ ಹಾಗಿನ ನೀರು. 'ಮುಂಗಾರು ಮಳೆ' ಬಂದಾಗ, ಅಂದರೆ 2006ರ ಕೊನೆಯಲ್ಲಿ, ನಾವಿನ್ನೂ ಪ್ರೈಮರಿ ಹುಡುಗರು. ಅದರ ಜೋಗವನ್ನು ತೆರೆಯ ಮೇಲೆ ನೋಡಿ ಬಾಯಿ ಬಿಟ್ಟಿದ್ದೆವು. ಅದೇ ಜೋಗ ಈಗ ನನ್ನ ಕೈಯಲ್ಲಿ!

ಹಿಂದೆ ಹೀಗೆ ಬರೆದಿದ್ದ: 'ಮಗಾ, ಚಿತ್ರ ನೋಡಿ ಮೋಸ ಹೋಗಬೇಡ. ನಾವಿರೋ ಜೋಗದಲ್ಲಿ ಬರೀ ಬಂಡೆ. ಒಂದು ಕಡೆ ಮಾತ್ರ ನಲ್ಲಿ ಬಿಟ್ಟ ಹಾಗೆ ನೀರು. ಬೆಳಿಗ್ಗೆಯಿಂದ ರಿಫ್ಲೆಕ್ಟರ್ ಹಿಡಿದು ಅಂಗೈ ಸುಟ್ಟಿದೆ. ಕ್ಲೈಮ್ಯಾಕ್ಸಿನ ಮಳೆ ಹಾಡಿಗೆ ಟ್ಯಾಂಕರಿನಲ್ಲಿ ನೀರು ತರಿಸಿದರು. ಜೋಗಕ್ಕೆ ಟ್ಯಾಂಕರು! ಇದನ್ನ ಯಾರಿಗೂ ಹೇಳಬೇಡ. ಅಮ್ಮಂಗೆ ಹೇಳು, ಊಟ ಚೆನ್ನಾಗಿದೆ.'

ಅದೇ ವಾರ ಒಂದು ಪತ್ರಿಕೆಯವರು (ಇದಲ್ಲ, ಬೇರೆ) 'ಔಟ್‌ಡೋರ್ ವರದಿ ಏನಾದರೂ ಇದೆಯೇನ್ರೀ? ಎರಡು ಪುಟ ಖಾಲಿ ಇದೆ' ಅಂದರು. ಮನೆ ಬಾಡಿಗೆ ಎರಡು ತಿಂಗಳದ್ದು ಬಾಕಿ. ಇದೆ ಅಂದೆ. ಕುರ್ಚಿಯಲ್ಲಿ ಕೂತೆ. ಕಾರ್ಡನ್ನು ಎದುರಿಗೆ ಒರಗಿಸಿ ಇಟ್ಟುಕೊಂಡೆ. ಚಿತ್ರದ ಕಡೆ ಕಾಣುವ ಹಾಗೆ.

ಬರೆದೆ ನೋಡಿ! 'ಧೋ ಎಂದು ಧುಮ್ಮಿಕ್ಕುವ ಶರಾವತಿಯ ತುಂತುರು ನಮ್ಮ ಮುಖಕ್ಕೆ ರಾಚುತ್ತಿತ್ತು...' ಅಂತ ಶುರು. 'ಜಲಧಾರೆಯ ಎದುರು, ಸುರಿಯುವ ನಿಜವಾದ ಮಳೆಯಲ್ಲಿ ಕ್ಲೈಮ್ಯಾಕ್ಸ್ ಹಾಡಿಗೆ ಹೀರೋ ಹೆಜ್ಜೆ ಹಾಕಿದಾಗ ಇಡೀ ಯೂನಿಟ್ ಚಪ್ಪಾಳೆ ತಟ್ಟಿತು...' ಅಂತ ಮುಕ್ತಾಯ. ಹಿಂಬದಿ ಓದಿರಲಿಲ್ಲವೇ? ಓದಿದ್ದೆ ಸ್ವಾಮಿ. ಓದಿಯೂ ಬರೆದೆ.

ತಾಳಗುಪ್ಪದ ಏಟು

ವರದಿ ಅಚ್ಚಾಯಿತು. ಎರಡು ವಾರಕ್ಕೆ ಪತ್ರಿಕಾ ಕಚೇರಿಗೆ ಒಂದು ಸಾದಾ ಕಾರ್ಡು ಬಂತು. ತಾಳಗುಪ್ಪದ ಓದುಗರೊಬ್ಬರದ್ದು. ತಾಳಗುಪ್ಪ ಜೋಗಕ್ಕೆ ಹತ್ತಿರದ ರೈಲು ನಿಲ್ದಾಣ. ಅಲ್ಲಿಯವರಿಗೆ ಜೋಗ ಅಂದರೆ ಹಿತ್ತಲಿದ್ದ ಹಾಗೆ.

'ಮಾನ್ಯ ವರದಿಗಾರರೇ, ತಾವು ಹೋದದ್ದು ಯಾವ ಜೋಗಕ್ಕೆ? ಮಾರ್ಚಿಯಲ್ಲಿ ನಮ್ಮ ಜೋಗದಲ್ಲಿ ತುಂತುರು ಇಲ್ಲ, ಮಳೆಯೂ ಬಂದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಬೇಸಿಗೆಯ ಶರಾವತಿ ಬಂಡೆಯ ಮೇಲೆ ಇರುವುದಿಲ್ಲ, ತಮ್ಮ ಮನೆಯ ಬಲ್ಬಿನಲ್ಲಿ ಇರುತ್ತಾಳೆ. ನಮ್ಮ ಅಜ್ಜನ ಗದ್ದೆ ಆ ಹಿನ್ನೀರಿನ ತಳದಲ್ಲಿದೆ. ನೀರಿನ ಬಗ್ಗೆ ಬರೆಯುವಾಗ ನೋಡಿಕೊಂಡು ಬರೆಯಿರಿ.'

ಬೈಗುಳ ಒಂದೂ ಇಲ್ಲ. ಆದರೆ ಹೀಗೆ ಬೈಸಿಕೊಂಡದ್ದು ಅದೇ ಮೊದಲು. ಜೋಗದ ಚಿತ್ರ ನೋಡಿದಾಗ ನೀರು ಎಷ್ಟು ಚೆಂದ ಅಂತ ಯೋಚಿಸಿದ್ದೆನೇ ಹೊರತು, ಆ ನೀರಿಗೆ ಊರು ಕೊಟ್ಟವರು ಇದ್ದಾರೆ ಅಂತ ಹೊಳೆದೇ ಇರಲಿಲ್ಲ.

ಕಾರ್ಡಿಗೆ ಲಕೋಟೆ ಇಲ್ಲ ನೋಡಿ! ಅದನ್ನು ಮೊದಲು ಓದಿದವನು ಪೋಸ್ಟ್‌ಮನ್. ಆಮೇಲೆ ಕಚೇರಿಯ ಹುಡುಗ. ಆಮೇಲೆ ಕಂಪೋಸ್ ಮಾಡುವವರು. ಸಂಪಾದಕರು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ನನ್ನ ಜೋಗಯಾತ್ರೆ ಇಡೀ ಕಟ್ಟಡಕ್ಕೆ ತಿಳಿದಿತ್ತು. ಅವರು ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿದರು. ನನ್ನ ಮುಂದೆ ಆಡಿದ್ದು ಒಂದೇ ಮಾತು: 'ಮುಂದಿನ ಸಲ ಕೊಡೆ ತಗೊಂಡು ಹೋಗಿ.'

ನನ್ನ ಮಾನ ಹೋದದ್ದು ದೊಡ್ಡದಲ್ಲ. ಅದು ಹೋಗಿ ಬರುವ ಗಿರಾಕಿ! ಆದರೆ ಪೆಟ್ಟು ಬಿದ್ದದ್ದು ಲೈಟಿಗೆ. ಕ್ಲೈಮ್ಯಾಕ್ಸ್ ಮಳೆ ಹಾಡು ಅಂತ ಪತ್ರಿಕೆಯಲ್ಲಿ ಬಂದದ್ದನ್ನು ಪ್ರೊಡಕ್ಷನ್ ಮ್ಯಾನೇಜರ್ ನೋಡಿದ್ದಾರೆ. 'ಗುಟ್ಟು ಯಾರು ಬಿಟ್ಟಿದ್ದು?' ಅಂತ ವಿಚಾರಣೆ. ಪತ್ರಕರ್ತ ಗೆಳೆಯ ಇರುವುದು ಇವನಿಗೊಬ್ಬನಿಗೇ. ಮುಂದಿನ ಷೆಡ್ಯೂಲಿಗೆ ಅವನನ್ನು ಕರೆಯಲಿಲ್ಲ. ಇದನ್ನು ಅವನು ನನಗೆ ಹೇಳಲೇ ಇಲ್ಲ. ಸೌಟು ಫೋನ್ ಮಾಡಿ ಹೇಳಿದ. 'ಅವನ 22 ದಿನದ ಕೂಲಿ ಹೋಯ್ತು ಕಣೋ. ನಿನಗೆ ಆ ವರದಿಗೆ ಎಷ್ಟು ಕೊಟ್ಟರು?' ಅಂತ ಕೇಳಿದ. ನಾನು ಉತ್ತರ ಕೊಡಲಿಲ್ಲ. ನೀವೂ ಕೇಳಬೇಡಿ.

ಲೈಟಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಒಂದು ಸಾದಾ ಕಾರ್ಡು ತಂದು 'ತಪ್ಪಾಯ್ತು ಕಣೋ' ಅಂತ ಬರೆದು ಅವನ ಮನೆಯ ವಿಳಾಸಕ್ಕೆ ಹಾಕಿದೆ. ಮಾರನೇ ದಿನ ಅಂಚೆ ಕಚೇರಿಯ ಹತ್ತಿರ ಸಿಕ್ಕ ನಮ್ಮ ಬೀದಿಯ ಪೋಸ್ಟ್‌ಮನ್ನು, 'ಏನ್ ತಪ್ಪು ಮಾಡಿದ್ರಿ ಸ್ವಾಮಿ?' ಅಂತ ಕೇಳಿದ! ಲಕೋಟೆ ಇಲ್ಲದ ಬದುಕು ಅಂದರೆ ಇದೇ.

ಉತ್ತರ ಬರಲಿಲ್ಲ. ಒಂದು ತಿಂಗಳು, ಎರಡು, ಆರು. ಹಡಗಿನ ಕಾರ್ಡು ಬಂತು, ಸೌಟಿನ ಕಾರ್ಡು ಬಂತು. ಅಮ್ಮ ಪ್ರತಿ ಸಲ ತಂತಿಗೆ ಚುಚ್ಚುವಾಗ ಕೇಳುತ್ತಿದ್ದಳು: 'ಅವನದು ಯಾಕೋ ಬರಲಿಲ್ಲ?' ನಾನು 'ಷೂಟಿಂಗ್ ಜಾಸ್ತಿ ಇರಬೇಕು' ಅನ್ನುತ್ತಿದ್ದೆ. ಆ ಸುಳ್ಳಿಗೂ ನನಗೆ ಚಿತ್ರವೊಂದು ಬೇಕಾಗಿತ್ತೇನೋ, ಅವಳ ಮುಖ ನೋಡದೆ ಹೇಳುತ್ತಿದ್ದೆ.

ಚಿತ್ರವಿಲ್ಲದ ಕಾರ್ಡು

ಒಂದು ವರ್ಷ ನಾಲ್ಕು ತಿಂಗಳಾದ ಮೇಲೆ, ಆಗಸ್ಟ್ ತಿಂಗಳಲ್ಲಿ, ಕಾರ್ಡು ಬಂತು. ಸಾದಾ ಕಾರ್ಡು. 50 ಪೈಸೆಯದ್ದು. ಮುಂದೆಯೂ ಅಕ್ಷರ, ಹಿಂದೆಯೂ ಅಕ್ಷರ. ಅಮ್ಮ ಬಾಗಿಲಲ್ಲೇ ನಿಂತು ಓದಿದಳು. ಆಮೇಲೆ ನನಗೆ ಕೊಟ್ಟಳು.

'ಅಮ್ಮಾ, ಮತ್ತೆ ಜೋಗಕ್ಕೆ ಬಂದಿದ್ದೇನೆ. ಬೇರೆ ಯೂನಿಟ್ಟು. ಊಟ ಪರವಾಗಿಲ್ಲ, ಕೋಣೆಯಲ್ಲಿ ಏಳು ಜನ. ಬಟ್ಟೆ ಒಣಗಲ್ಲ. ಈಗ ನೀರು ತುಂಬಾ ಇದೆ. ಆದರೆ ಮೂರು ದಿನದಿಂದ ಮಂಜು ಮುಚ್ಚಿ ಏನೂ ಕಾಣಿಸುತ್ತಿಲ್ಲ. ಸದ್ದು ಮಾತ್ರ. ರಾತ್ರಿ ಮಲಗಿದರೆ ನೆಲದಲ್ಲಿ ಆ ಸದ್ದು ಬರುತ್ತೆ. ಅಂಗಡಿಯಲ್ಲಿ ಚಿತ್ರದ ಕಾರ್ಡು ಇತ್ತು. ತಗೊಳ್ಳಲಿಲ್ಲ. ಅವನಿಗೆ ಹೇಳಿ, ಇದರಲ್ಲಿ ಚಿತ್ರ ಇಲ್ಲ, ಆದ್ದರಿಂದ ಬರೆದದ್ದನ್ನೇ ಓದಬೇಕು ಅಂತ. ಇದನ್ನ ಬೇಕಾದರೆ ಪತ್ರಿಕೆಗೆ ಹಾಕಲಿ.'

ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬೇಸಿಗೆಯಲ್ಲಿ ಹೋದರೆ ನೀರಿಲ್ಲ. ಮಳೆಗಾಲದಲ್ಲಿ ಹೋದರೆ ಮಂಜು. ಹಾಗಾದರೆ ಕಾರ್ಡಿನ ಮೇಲಿನ ಜೋಗ ಯಾವತ್ತಿನದು? ನೀರು ತುಂಬಿ, ಮಂಜು ಸರಿದು, ಬಿಸಿಲು ಬಿದ್ದ ಯಾವುದೋ ಒಂದು ಗಳಿಗೆ. ಅದಕ್ಕಾಗಿ ಫೋಟೋ ತೆಗೆದವನು ಎಷ್ಟು ದಿನ ಕಾದಿದ್ದನೋ. ಅವನ ಕೆಲಸಕ್ಕೆ ನನ್ನ ನಮಸ್ಕಾರ. ಚಿತ್ರ ಸುಳ್ಳಲ್ಲ. ಆ ಒಂದು ಗಳಿಗೆಯನ್ನು ವರ್ಷವಿಡೀ ಅಂತ ನಂಬಿಸಿದ ನಾನು ಸುಳ್ಳ.

ಸಂಜೆ ಫೋನ್ ಮಾಡಿದೆ. ಎತ್ತಿದ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವನೇ, 'ಕೇಳು' ಅಂತ ಫೋನನ್ನು ಕಿಟಕಿಯ ಹೊರಗೆ ಹಿಡಿದ. ಒಂದು ದೊಡ್ಡ ಉಸಿರಿನ ಹಾಗೆ ಸದ್ದು. ಜೋಗವೋ ಮಳೆಯೋ ಗೊತ್ತಾಗಲಿಲ್ಲ. 'ಯಾವುದೋ ಅದು?' ಅಂದೆ. 'ನನಗೂ ಗೊತ್ತಿಲ್ಲ ಕಣೋ' ಅಂದ. ಇಬ್ಬರೂ ನಕ್ಕೆವು.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ನಾನು ಹೋಗದ ಜಾಗದ ಬಗ್ಗೆ ಬರೆದರೆ 'ನಾನು ಕಂಡೆ' ಅಂತ ಬರೆಯುವುದಿಲ್ಲ. 'ನನ್ನ ಗೆಳೆಯ ಕಂಡ' ಅಂತಲೇ ಬರೆಯುತ್ತೇನೆ. ಈ ಅಂಕಣದಲ್ಲಿ ಅದು ಬಂದಾಗಲೆಲ್ಲ 'ಇವನಿಗೆ ಎಷ್ಟು ಗೆಳೆಯರಪ್ಪಾ!' ಅಂತ ನೀವು ನಕ್ಕಿರಬಹುದು. ಮೂವರೇ. ಆದರೆ ಅವರ ಎಂಟು ಹತ್ತು ಸಾಲಿನಲ್ಲಿ ನಾನು ಸುತ್ತಿದಷ್ಟು ಲೋಕವನ್ನು ಟಿಕೆಟ್ಟು ಕೊಂಡವರೂ ಸುತ್ತಿರಲಿಕ್ಕಿಲ್ಲ.

ಆ ಸಾದಾ ಕಾರ್ಡು ಈಗ ತಂತಿಯಲ್ಲಿ ಎಲ್ಲಕ್ಕಿಂತ ಮೇಲಿದೆ. ಅದಾದ ಮೇಲೆ ಎಂಟು ಕಾರ್ಡು ಬಂದಿವೆ. ಹೊಸದು ಚುಚ್ಚುವಾಗೆಲ್ಲ ಅಮ್ಮ ಅದನ್ನು ತೆಗೆದು ಮತ್ತೆ ಮೇಲಕ್ಕೇ ಹಾಕುತ್ತಾಳೆ. ಅದರ ತೂತು ದೊಡ್ಡದಾಗುತ್ತಾ ಬಂದು, 'ಊಟ ಪರವಾಗಿಲ್ಲ' ಎಂಬಲ್ಲಿ 'ಪರ' ಹೋಗಿ 'ವಾಗಿಲ್ಲ' ಮಾತ್ರ ಉಳಿದಿದೆ!

ಓದುಗ ಮಿತ್ರರೇ, ಈ ವಾರ ನಿಮಗೂ ಒಂದು ಕೆಲಸ. ನಿಮ್ಮ ಊರಿನಲ್ಲಿ ಯಾವುದಾದರೂ ಷೂಟಿಂಗ್ ಆಗಿದ್ದರೆ, ತೆರೆಯ ಮೇಲೆ ಕಾಣದ್ದು ಏನಿತ್ತು ಅಂತ ಒಂದು ಸಾದಾ ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿ. ಚಿತ್ರ ಬೇಡ. ತಾಳಗುಪ್ಪದ ಯಜಮಾನರೇ, ತಾವೂ ಓದುತ್ತಿದ್ದರೆ ದಯವಿಟ್ಟು ಎರಡು ಸಾಲು ಬರೆಯಿರಿ. ನಿಮ್ಮ ಅಜ್ಜನ ಗದ್ದೆಯ ಬಗ್ಗೆ ಬರೆಯಿರಿ. ಈ ಸಲ ನಾನು ಹಿಂಬದಿಯನ್ನೇ ಮೊದಲು ಓದುತ್ತೇನೆ.

ಮುಂದಿನ ವಾರ ಸಿಗೋಣ!